ಎಡಬಲ ತಪ್ಪಿದ ನಿಲ್ದಾಣ

ಜನವರಿ ೧೨

ತಮ್ಮಾ,

ನಿನ್ನ ನಿಲ್ದಾಣದ ನಕ್ಷೆಯನ್ನು ಇವತ್ತಿನ ಟಪಾಲಿಗೆ ಹಾಕಿಸಿದ್ದೇನೆ. ತಗಡಿನ ಕೊಳವೆಯಲ್ಲಿದೆ. ಕೊಳವೆಯನ್ನು ವಾಪಸು ಕಳಿಸು, ಅದರಲ್ಲಿ ಮೊಳೆ ತುಂಬಿಡಬೇಡ.

ಕಟ್ಟುವ ಮೇಸ್ತ್ರಿ ನೀನೇ ಅಂತ ಗೊತ್ತಾದ ಮೇಲೆ ಈ ನಕಲನ್ನು ನಾನೇ ಕೇಳಿ ತೆಗೆದುಕೊಂಡೆ. ನಿನಗೆ ನಕ್ಷೆ ಓದುವ ತಾಳ್ಮೆ ಇಲ್ಲ, ಕಲ್ಲು ಕಂಡರೆ ಸಾಕು ಕೈ ಹಾಕುತ್ತೀಯ. ಅದಕ್ಕೇ ಬಿಡಿಸಿ ಹೇಳುತ್ತೇನೆ, ಕೇಳು. ನಡುವೆ ಟಿಕೆಟ್ ಹಾಲ್. ಅದರ ಎರಡು ಪಕ್ಕಕ್ಕೆ ಒಂದೇ ಅಳತೆಯ ಎರಡು ರೆಕ್ಕೆ. ಒಂದರಲ್ಲಿ ಹೆಂಗಸರ ಕೋಣೆ, ಹಿಂದೆ ಗೋಡೆ ಸುತ್ತಿದ ಅಂಗಳ, ಬಚ್ಚಲು. ಇನ್ನೊಂದರಲ್ಲಿ ಪಾರ್ಸೆಲ್ ಕೋಣೆ, ದೀಪದ ಕೋಣೆ. ಸ್ಟೇಷನ್ ಮಾಸ್ತರರ ಕಿಟಕಿ ಪ್ಲಾಟ್‌ಫಾರಂ ಕಡೆಗೆ ಮೂರು ಮುಖವಾಗಿ ಚಾಚಿಕೊಂಡಿದೆ. ಅವರು ಕುರ್ಚಿಯಿಂದ ಏಳದೆ ಹಳಿಯ ಎರಡೂ ತುದಿ ನೋಡಬಹುದು. ಅವರ ಮನೆ ಮಾಳಿಗೆಯ ಮೇಲೆ.

ಎಂಜಿನ್ನಿಗೆ ನೀರು ತುಂಬುವ ತುದಿಯಿಂದ ಹೆಂಗಸರ ಕೋಣೆ ದೂರ ಇರಬೇಕು ಅನ್ನುವುದು ದೊಡ್ಡ ಮೇಜಿನವರ ಹಟ. ನಮ್ಮ ನಕ್ಷೆ ಕೋಣೆಯ ಯಜಮಾನರನ್ನು ನಾವೆಲ್ಲ ಕರೆಯುವುದು ಹಾಗೆ. ಹೊಗೆ, ಕಲ್ಲಿದ್ದಲ ಪುಡಿ, ಮೂಟೆಗಳ ಗಲಾಟೆ ಎಲ್ಲ ಪಾರ್ಸೆಲ್ ಕಡೆಗಿರಲಿ, ಕೂಸು ಎತ್ತಿಕೊಂಡು ಬಂದವಳು ಈಚೆ ತಣ್ಣಗೆ ಕೂತಿರಲಿ ಅನ್ನುತ್ತಾರೆ. ನೀರಿನ ತೊಟ್ಟಿ, ಗೂಡ್ಸ್ ಹಳಿ ಇವೆಲ್ಲ ಹಳಿ ಹಾಕುವವರ ಬೇರೆ ಹಾಳೆಯಲ್ಲಿವೆ, ನಮ್ಮದರಲ್ಲಿಲ್ಲ.

ಹನ್ನೊಂದು ವರ್ಷದಲ್ಲಿ ನನ್ನ ಕೈಯಿಂದ ಹೋದ ಒಂದು ನಕಲೂ ತಪ್ಪು ಅಂತ ವಾಪಸು ಬಂದಿಲ್ಲ. ದೊಡ್ಡ ಮೇಜಿನವರು ಈಗ ನನ್ನದನ್ನು ಮೂಲದ ಮೇಲೆ ಇಟ್ಟು ನೋಡುವುದನ್ನೂ ಬಿಟ್ಟಿದ್ದಾರೆ, ನೇರ ಸಹಿ. ಜಂಬ ಅಂದುಕೊಳ್ಳುವುದಾದರೆ ಅಂದುಕೋ.

ನಿನ್ನ ಅಕ್ಕ


ಫೆಬ್ರವರಿ ೩

ಅಕ್ಕಾ,

ಜಂಬ ಅಂದುಕೊಂಡೆ. ಕೊಳವೆಯಲ್ಲಿ ಮೊಳೆ ತುಂಬಿದ್ದೆ, ನಿನ್ನ ಕಾಗದ ಓದಿದ ಮೇಲೆ ಸುರಿದೆ.

ಪಾಯ ಮುಗಿಯಿತು. ನೀನು ಎಳೆದ ಗೆರೆಯ ಮೇಲೆಯೇ ದಾರ ಕಟ್ಟಿದ್ದೇನೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಇರುವಂತೆಯೂ ಇಲ್ಲ. ಸಹಿಯಾದ ನಕ್ಷೆ ಬಿಟ್ಟು ಒಂದು ಕಲ್ಲು ಸರಿಸಿದ ಮೇಸ್ತ್ರಿಗೆ ಈ ಲೈನಿನಲ್ಲಿ ಇನ್ನೆಲ್ಲೂ ಕೆಲಸವಿಲ್ಲ ಅಂತ ಸಾಮಾನಿನ ಶೆಡ್ಡಿನ ಮೇಲೆ ಬೋರ್ಡು ಹೊಡೆದಿದ್ದಾರೆ. ಓದು ಬಾರದವರಿಗೆ ನಾನೇ ಓದಿ ಹೇಳುತ್ತೇನೆ, ದಿನಕ್ಕೊಂದು ಸಲ.

ಬಡಗಿ ಮುದುಕ ಮೂರು ಮುಖದ ಕಿಟಕಿಯನ್ನು ನೋಡಿ, "ಮಾಸ್ತರಿಗೆ ಕತ್ತು ತಿರುಗಲ್ವೇನಪ್ಪ?" ಅಂದ. ಇಪ್ಪತ್ತು ಮೈಲಿ ಸುತ್ತ ರೈಲು ನಿಲ್ದಾಣ ಅನ್ನುವುದನ್ನೇ ಯಾರೂ ನೋಡಿಲ್ಲ. ದಾರಿಹೋಕರು ನಿಂತು, ಇದು ಆಸ್ಪತ್ರೆಯೋ ಜೈಲೋ ಅಂತ ಕೇಳುತ್ತಾರೆ. ಗೋಡೆ ಮೇಲೇಳಲಿ, ಆಮೇಲೆ ಹೇಳುತ್ತೇನೆ ಅಂದಿದ್ದೇನೆ.

ತಮ್ಮ


ಮಾರ್ಚ್ ೯

ಅಕ್ಕಾ,

ಬರೆಯುವುದು ತಡವಾಯಿತು. ಕೆಲಸ ಹತ್ತು ಹನ್ನೆರಡು ದಿನ ಹಿಂದೆ ಬಿದ್ದಿದೆ. ನೆಲ ಸ್ವಲ್ಪ ಮೆತ್ತಗಿತ್ತು, ಅಷ್ಟೇ. ದೊಡ್ಡ ವಿಷಯವೇನಲ್ಲ, ಆಫೀಸಿನಲ್ಲಿ ಯಾರಿಗೂ ಹೇಳುವ ಅಗತ್ಯವಿಲ್ಲ.

ನಿನ್ನ ಕಣ್ಣು ಹೇಗಿದೆ? ಕೆಲಸ ಜಾಸ್ತಿ ಹಚ್ಚಿಕೊಳ್ಳಬೇಡ. ಒಂದಿಷ್ಟು ರಜೆ ಹಾಕಿ ಮಲಗು.

ತಮ್ಮ


ಮಾರ್ಚ್ ೨೦

ತಮ್ಮಾ,

ನೆಲ ಮೆತ್ತಗಿತ್ತು ಅನ್ನುವ ಕಥೆಯನ್ನು ಬೇರೆ ಯಾರಿಗಾದರೂ ಹೇಳು. ಆ ಜಾಗದಲ್ಲಿ ಮೂರಡಿಗೆ ಬಂಡೆ ಸಿಗುತ್ತದೆ ಅಂತ ನನ್ನ ಮುಂದಿರುವ ಹಾಳೆಯೇ ಹೇಳುತ್ತಿದೆ. ಯಾರಿಗಾದರೂ ಪೆಟ್ಟಾಯಿತೇ? ಆಳುಗಳ ಜೊತೆ ಜಗಳ ಮಾಡಿಕೊಂಡೆಯಾ? ನಿನಗೇ ಏನಾದರೂ ಆಯಿತೇ? ಚಿಕ್ಕವನಿದ್ದಾಗ ಮಾಡಿನಿಂದ ಬಿದ್ದು, ಕಾಲು ಎಳೆಯುತ್ತಾ ಬಂದು, "ಏನಿಲ್ಲ, ಚಪ್ಪಲಿ ಕಚ್ತಿದೆ" ಅಂದವನು ನೀನು.

ನನ್ನ ಕಣ್ಣಿಗೆ ಏನೂ ಆಗಿಲ್ಲ. ನನಗೆ ರಜೆ ಹೇಳಿಕೊಡುವಷ್ಟು ದೊಡ್ಡವನಾಗಿಬಿಟ್ಟೆಯಾ? ನೆಟ್ಟಗೆ ಬರೆ.

ಅಕ್ಕ


ಏಪ್ರಿಲ್ ೧೧

ತಮ್ಮಾ,

ಹಿಂದಿನ ಕಾಗದದಲ್ಲಿ ಒರಟಾಗಿ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀಯಾ?

ಒಂದು ವಿಷಯ ಸುಮ್ಮನೆ ಕೇಳುತ್ತಿದ್ದೇನೆ. ನಿನ್ನ ನಿಲ್ದಾಣದಲ್ಲಿ ಹೆಂಗಸರ ಕೋಣೆಯ ಕಿಟಕಿಗೆ ಬಿಸಿಲು ಬೀಳುವುದು ಬೆಳಿಗ್ಗೆಯೋ ಸಂಜೆಯೋ? ನೀರಿನ ತೊಟ್ಟಿ ಕಟ್ಟಿಯಾಯಿತೇ? ಕಟ್ಟಿದ್ದರೆ ಯಾವ ರೆಕ್ಕೆಯ ಕಡೆ? ಅವಸರವೇನಿಲ್ಲ. ಆದರೆ ಇದು ತಲುಪಿದ ದಿನವೇ ಉತ್ತರ ಬರೆದರೆ ಒಳ್ಳೆಯದು.

ಅಕ್ಕ


ಏಪ್ರಿಲ್ ೧೯

ಅಕ್ಕಾ,

ಇದೇನು, ಹೊಗಳಿಕೆಯಿಲ್ಲ, ಬೈಗುಳವಿಲ್ಲ, ಬಿಸಿಲಿನ ವಿಚಾರಣೆ? ಗೋಡೆ ಚಾವಣಿಯ ಎತ್ತರಕ್ಕೆ ಬಂದಿದೆ. ಎಲ್ಲ ನಿನ್ನ ನಕಲಿನಲ್ಲಿ ಇದ್ದ ಹಾಗೆಯೇ ಇದೆ, ಯೋಚನೆ ಬೇಡ. ಹೆಂಗಸರ ಕೋಣೆಗೆ ಬೆಳಗಿನ ಬಿಸಿಲು ಬೀಳುತ್ತದೆ. ನೀರಿನ ತೊಟ್ಟಿ ಹಳಿಯವರ ಕೆಲಸ, ನನಗೆ ಗೊತ್ತಿಲ್ಲ.

ಬಡಗಿ ಮುದುಕ ಟಿಕೆಟ್ ಹಾಲಿನ ಬಾಗಿಲಿಗೆ ಎಂಟು ಸಲ ಉಜ್ಜುಗೊರಡು ಹೊಡೆದಿದ್ದಾನೆ. ಇನ್ನು ಎರಡು ಸಲ ಹೊಡೆದರೆ ಆಚೆಯ ಬೆಟ್ಟ ಕಾಣುತ್ತದೆ.

ತಮ್ಮ


ಏಪ್ರಿಲ್ ೨೬

ತಮ್ಮಾ,

ಬೆಳಗಿನ ಬಿಸಿಲು ಅಂತ ನೀನು ಬರೆದದ್ದನ್ನು ನಾಲ್ಕು ಸಲ ಓದಿದೆ. ಸಂಜೆಯ ಬಿಸಿಲು ಬೀಳಬೇಕಿತ್ತು. ನಿನ್ನ ನಿಲ್ದಾಣ ಎಡಬಲ ಮಗುಚಿದೆ, ಮಗುಚಿದವಳು ನಾನು.

ಹೇಗಾಯಿತು ಅಂತ ಹೇಳುತ್ತೇನೆ. ನಾವು ನಕಲು ತೆಗೆಯುವ ಬಟ್ಟೆ ಆರಪಾರ ಕಾಣುತ್ತದೆ. ಗೆರೆ ಒಂದು ಮುಖಕ್ಕೆ, ಬಣ್ಣ ಅದರ ಬೆನ್ನಿಗೆ. ಇಲ್ಲದಿದ್ದರೆ ಶಾಯಿ ಕದಡುತ್ತದೆ. ನಾನು ಗೆರೆ ಎಳೆದು ಕೊಟ್ಟೆ. ಬಣ್ಣದವಳು ಬಟ್ಟೆ ಮಗುಚಿ ಬಣ್ಣ ತುಂಬಿ, ಒಣಗಲಿ ಅಂತ ಹಾಗೆಯೇ ಬಿಟ್ಟಳು. ಮರುದಿನ ಬೆಳಿಗ್ಗೆ ಬಂದವಳು ನಾನು ಬೆನ್ನಿನ ಮೇಲೆಯೇ ಅಕ್ಷರ ಬರೆದೆ. ಕೋಣೆಗಳ ಆಕಾರ ಬಾಯಿಪಾಠ ಬಂದಿತ್ತಲ್ಲ, ಆಕಾರ ನೋಡಿ ಹೆಸರು ಹಾಕುತ್ತಾ ಹೋದೆ. ದಿಕ್ಕಿನ ಬಾಣ, ಹಳಿಯ ಆಚೀಚೆಯ ಊರುಗಳ ಹೆಸರು ಮಾತ್ರ ಮೂಲದಲ್ಲಿದ್ದ ಜಾಗಕ್ಕೇ ಹಾಕಿದೆ. ಎರಡೂ ರೆಕ್ಕೆ ಒಂದೇ ಅಳತೆ, ಅನುಮಾನವೇ ಬರಲಿಲ್ಲ. ಈ ತಿಂಗಳ ಮೊದಲಿಗೆ ಮುಂದಿನ ನಿಲ್ದಾಣಕ್ಕೆ ಅದೇ ಮೂಲ ತೆಗೆದು, ನಮ್ಮಲ್ಲಿ ಉಳಿದಿದ್ದ ನಿನ್ನ ನಕಲಿನ ಇನ್ನೊಂದು ಬಟ್ಟೆ ಪ್ರತಿಯನ್ನು ಅದರ ಮೇಲೆ ಹಾಸಿದರೆ ಹೊಂದಲೇ ಇಲ್ಲ. ಮಗುಚಿದ ಮೇಲೆ ಹೊಂದಿತು. ಬಚ್ಚಲ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಅವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಹಳಿಯವರ ಹಾಳೆ ಬದಲಾಗಿರಬಹುದು, ತೊಟ್ಟಿ ಆ ಕಡೆ ಹೋಗಿರಬಹುದು ಅಂತ ನನಗೆ ನಾನೇ ಸುಳ್ಳು ಹೇಳಿಕೊಂಡು ಸುಮಾರು ಇಪ್ಪತ್ತು ದಿನ ಕಳೆದೆ. ನಿನ್ನ ಕಾಗದ ಬಂದ ಮೇಲೆ ಇನ್ನು ಜಾಗವಿರಲಿಲ್ಲ. ಇವತ್ತು ದೊಡ್ಡ ಮೇಜಿನವರ ಮುಂದೆ ನಿಂತು ಎಲ್ಲ ಹೇಳಿದೆ. ಬಣ್ಣದವಳ ಹೆಸರು ಎತ್ತಲಿಲ್ಲ. ಮಗುಚಿದ್ದು ಅವಳ ಕೆಲಸ, ನೋಡದೆ ಬರೆದದ್ದು ನನ್ನ ತಪ್ಪು. ಅವರು ಬೈಯಲಿಲ್ಲ. ಮೂಲ ಹಾಳೆಯನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, "ಸೋಮವಾರ ನಾನೇ ಹೋಗ್ತೀನಿ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಚಾವಣಿಯ ಎತ್ತರದ ಗೋಡೆ ನನ್ನಿಂದ ಕೆಡವಬೇಕಾಯಿತಲ್ಲ ನಿನಗೆ. ಕ್ಷಮಿಸು. ನನ್ನ ಕೆಲಸ ಹೋಗುವುದು ಖಂಡಿತ. ಹೋಗಲಿ. ನೀನು ನಕ್ಷೆಯಲ್ಲಿದ್ದಂತೆ ಕಟ್ಟಿದವನು, ನಿನಗೇನೂ ಆಗುವುದಿಲ್ಲ.

ಅಕ್ಕ


ಏಪ್ರಿಲ್ ೨೮

ಅಕ್ಕಾ,

ನಿನಗೆ ಸುಳ್ಳು ಬರೆದು ಒಂಬತ್ತು ದಿನವಾಯಿತು. ನೀನು ಹುಟ್ಟಿದಾಗಿನಿಂದ ಏನನ್ನೂ ಸುಮ್ಮನೆ ಕೇಳಿದವಳಲ್ಲ ಅನ್ನುವುದು ನನಗೆ ಕಾಗದ ಟಪಾಲಿಗೆ ಹಾಕಿದ ಮೇಲೆ ಹೊಳೆಯಿತು. ನಿನಗೆ ಗೊತ್ತಾಗಿದೆ, ಅಲ್ಲವೇ?

ನೆಲ ಮೆತ್ತಗಿರಲಿಲ್ಲ. ಫೆಬ್ರವರಿ ಕೊನೆಗೆ ಗೋಡೆ ಸೊಂಟದ ಎತ್ತರಕ್ಕೆ ಬಂದಿತ್ತು. ಹಳಿಯವರು ಬಂದು ಗೂಡ್ಸ್ ಹಳಿಯ ಗೂಟ ಬಡಿದರು. ಕೊನೆಯ ಗೂಟ ಹೆಂಗಸರ ಬಚ್ಚಲಿನ ಗೋಡೆಗೆ ಹತ್ತು ಹೆಜ್ಜೆ. ನೀರಿನ ತೊಟ್ಟಿಯ ಗುಂಡಿ ಹೆಂಗಸರ ಅಂಗಳಕ್ಕೆ ಅಂಟಿಕೊಂಡಂತೆ. ಪಾರ್ಸೆಲ್ ಕೋಣೆ ಆಚೆಯ ತುದಿಯಲ್ಲಿ. ಒಂದೊಂದು ಮೂಟೆಯೂ ಟಿಕೆಟ್ ಹಾಲಿನಲ್ಲಿ ಜನರ ಕಾಲು ತುಳಿದುಕೊಂಡೇ ಹೋಗಬೇಕು. ನಿನ್ನ ಜನವರಿಯ ಕಾಗದ ತೆಗೆದು ಇನ್ನೊಮ್ಮೆ ಓದಿದೆ. ಬಟ್ಟೆಯನ್ನು ಮಗುಚಿ ಬಿಸಿಲಿಗೆ ಹಿಡಿದೆ. ಅಕ್ಷರ ತಿರುಗುಮುರುಗಾಯಿತು, ಕಟ್ಟಡ ನೆಟ್ಟಗಾಯಿತು.

ಆಫೀಸಿಗೆ ಬರೆದು ಕೇಳಿದರೆ ನಿನ್ನ ಹೆಸರು ಹೊರಗೆ ಬರುತ್ತಿತ್ತು. ಹೊರಗಿನ ಗೋಡೆ ಹೇಗಿದ್ದರೂ ಒಂದೇ. ಒಳಗಿನ ಅಡ್ಡಗೋಡೆ, ಬಾಗಿಲು, ಅಂಗಳ ಬದಲಿಸಿದರೆ ಸಾಕಿತ್ತು. ಆಳುಗಳಿಗೆ, ಮೇಲಿನಿಂದ ಅಪ್ಪಣೆ ಬಂದಿದೆ, ಕೆಡವಿ ಅಂದೆ. ಬಡಗಿ ಮುದುಕ, "ಅಪ್ಪಣೆ ಕಾಗದದಲ್ಲಿ ಬಂತೋ ಗಾಳೀಲಿ ಬಂತೋ?" ಅಂತ ಕೇಳಿದ. "ಗಾಳೀಲಿ" ಅಂದೆ. ಅವನು ಬಾಗಿಲ ಚೌಕಟ್ಟನ್ನು ತಾನೇ ಹೊತ್ತು ಆಚೆಯ ರೆಕ್ಕೆಗೆ ಸಾಗಿಸಿದ. ಹನ್ನೊಂದು ದಿನದಲ್ಲಿ ಎಲ್ಲ ಸರಿಮಾಡಿದೆವು. ಹೆಂಗಸರ ಕೋಣೆಗೆ ಈಗ ಸಂಜೆಯ ಬಿಸಿಲೇ ಬೀಳುತ್ತದೆ.

ನೀನು ಕೇಳಿದಾಗ, ನಾನು ನಕ್ಷೆ ಬಿಟ್ಟಿಲ್ಲ ತಾನೇ ಅಂತ ಪರೀಕ್ಷೆ ಮಾಡುತ್ತಿದ್ದೀಯ ಅಂದುಕೊಂಡೆ. ಅದಕ್ಕೇ ಬಟ್ಟೆಯಲ್ಲಿದ್ದಂತೆಯೇ ಬರೆದೆ. ಹನ್ನೊಂದು ವರ್ಷ ತಪ್ಪಿಲ್ಲ ಅಂತ ಮಾತಿಗೊಮ್ಮೆ ಹೇಳುವವಳಿಗೆ ತಪ್ಪಿದೆ ಅಂತ ನಾನು ಹೇಗೆ ಹೇಳಲಿ? ನನ್ನಿಂದಾಗಲಿಲ್ಲ. ಈಗ ಯಾರಿಗೂ ಹೇಳಬೇಡ. ನೀನು ಸುಮ್ಮನಿದ್ದರೆ ಎಲ್ಲ ಸುಮ್ಮನಿರುತ್ತದೆ.

ತಮ್ಮ


ಮೇ ೩

ತಮ್ಮಾ,

ಯಾರಿಗೂ ಹೇಳಬೇಡ ಅಂತ ನೀನು ಬರೆದ ಕಾಗದ ಇವತ್ತು ಬಂತು. ದೊಡ್ಡ ಮೇಜಿನವರು ಹೊರಟು ಎರಡು ದಿನವಾಗಿದೆ. ಹಾದಿಯಲ್ಲಿ ಎಲ್ಲೋ ನಮ್ಮಿಬ್ಬರ ಕಾಗದಗಳು ಒಂದನ್ನೊಂದು ದಾಟಿವೆ.

ಮೊದಲು ನಕ್ಕೆ. ಪಕ್ಕದ ಮೇಜಿನವಳು ಹೆದರಿ ನೀರು ತಂದುಕೊಟ್ಟಳು. ಕೆಡವಬೇಕಾದ ಗೋಡೆ ಒಂದೂ ಇಲ್ಲ ಅಂತ ಓದಿ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಆಮೇಲೆ ಶೆಡ್ಡಿನ ಮೇಲಿನ ಬೋರ್ಡು ನೆನಪಾಯಿತು. ನಿನಗೇನೂ ಆಗುವುದಿಲ್ಲ ಅಂತ ಬರೆದಿದ್ದೆನಲ್ಲ. ಈಗ ನನ್ನ ಸತ್ಯ ನಿನ್ನ ಕುತ್ತಿಗೆಗೆ ಬಂತು. ದಿನಕ್ಕೊಂದು ಸಲ ಓದಿ ಹೇಳುತ್ತಿದ್ದೆಯಂತೆ, ಮಹಾರಾಯ, ನೀನೂ ಒಂದು ಸಲ ಕೇಳಿಸಿಕೊಳ್ಳಬಾರದಿತ್ತೇ?

ಅವರು ಕೇಳಿದರೆ ಅಕ್ಕ ಕಾಗದ ಬರೆದು ಬದಲಿಸಲು ಹೇಳಿದಳು ಅಂತ ಹೇಳು. ನನಗೆ ಹೇಗಿದ್ದರೂ ಶಿಕ್ಷೆಯಾಗುತ್ತದೆ, ಅದರ ಜೊತೆ ಇದೂ ಒಂದು. ಈ ಕಾಗದ ಅವರಿಗಿಂತ ಮೊದಲು ತಲುಪಲಿ.

ಇನ್ನೊಂದು ಮಾತು. ನಿನಗೆ ನಕ್ಷೆ ಓದುವ ತಾಳ್ಮೆಯಿಲ್ಲ ಅಂತ ಬರೆದಿದ್ದೆ. ತಪ್ಪು ನನ್ನದು.

ಅಕ್ಕ


ಮೇ ೮

ಅಕ್ಕಾ,

ನಿನ್ನ ಕಾಗದ ದೊಡ್ಡ ಮೇಜಿನವರಿಗಿಂತ ಒಂದು ದಿನ ತಡವಾಗಿ ಬಂತು. ಒಳ್ಳೆಯದೇ ಆಯಿತು. ನೀನು ಹೇಳಿಕೊಟ್ಟ ಸುಳ್ಳು ನನ್ನ ಬಾಯಲ್ಲಿ ನಿಲ್ಲುತ್ತಿರಲಿಲ್ಲ.

ಮೊನ್ನೆ ಮಧ್ಯಾಹ್ನ ಹಳಿಯವರ ತಳ್ಳುಗಾಡಿಯಲ್ಲಿ ಬಂದಿಳಿದರು. ನಿನ್ನ ಇಪ್ಪತ್ತಾರರ ಕಾಗದ ಟಪಾಲಿನಲ್ಲಿ ಎಲ್ಲೋ ತಡೆದು ಅವತ್ತು ಬೆಳಿಗ್ಗೆಯಷ್ಟೇ ಕೈಸೇರಿತ್ತು, ಹಾಗಾಗಿ ಯಾಕೆ ಬಂದಿದ್ದಾರೆ ಅಂತ ಗೊತ್ತಿತ್ತು. ಹಾಳೆ ಬಿಚ್ಚಿ ಹಿಡಿದುಕೊಂಡು ಒಂದು ತುದಿಯಿಂದ ನಡೆದರು. ತೊಟ್ಟಿಯ ಪಕ್ಕ ಪಾರ್ಸೆಲ್ ಕೋಣೆ. ದೀಪದ ಕೋಣೆ. ಟಿಕೆಟ್ ಹಾಲ್. ಮಾಸ್ತರರ ಕಿಟಕಿ. ಆಚೆಯ ತುದಿಯಲ್ಲಿ ಹೆಂಗಸರ ಕೋಣೆ, ಸದ್ದಿಲ್ಲ ಗದ್ದಲವಿಲ್ಲ. ಹಾಳೆ ತಿರುಗಿಸಿ ಹಿಡಿದು ಮತ್ತೆ ಮೊದಲಿನಿಂದ ನಡೆದರು.

"ಇದನ್ನ ಯಾರು ಸರಿ ಮಾಡಿದ್ದು?" ಅಂದರು.

"ನಾನು."

"ಯಾರ ಅಪ್ಪಣೆ ಮೇಲೆ?"

"ಯಾರದ್ದೂ ಇಲ್ಲ. ಗೂಟ ನೋಡಿದೆ, ಬಟ್ಟೆ ಮಗುಚಿ ನೋಡಿದೆ, ಗೊತ್ತಾಯ್ತು. ಕೇಳಿದ್ರೆ ಅಕ್ಕನ ಹೆಸರು ಬರುತ್ತೆ ಅಂತ ಕೇಳ್ಲಿಲ್ಲ. ಬೋರ್ಡು ಅಲ್ಲಿದೆ, ನಂಗೆ ಓದೋಕೆ ಬರುತ್ತೆ."

ಅವರು ಕಲ್ಲಿನ ರಾಶಿಯ ಮೇಲೆ ಕೂತುಬಿಟ್ಟರು. ಮುಖ ಒರೆಸಿಕೊಂಡರು. "ಐದು ದಿನದಿಂದ ಯಾವ ಗೋಡೆ ಕೆಡವಬೇಕು, ಯಾವುದನ್ನ ಉಳಿಸಬಹುದು ಅಂತ ಯೋಚನೆ ಮಾಡ್ತಾ ಬಂದಿದ್ದೀನಿ. ಒಂದು ಹೊತ್ತು ಸರಿಯಾಗಿ ಊಟ ಸೇರಿಲ್ಲ. ಮೊದಲು ಏನಾದ್ರೂ ತಿನ್ನೋಕೆ ಕೊಡಪ್ಪ" ಅಂದರು. ನಮ್ಮ ಬುತ್ತಿಯನ್ನೇ ಬಿಚ್ಚಿ ಕೊಟ್ಟೆ. ಎರಡು ಸಲ ಬಡಿಸಿಕೊಂಡರು. ತಿನ್ನುತ್ತಾ ತಿನ್ನುತ್ತಾ ನಿನ್ನ ನಕ್ಷೆಯ ಬಟ್ಟೆ ತರಿಸಿ, ಮೂಲೆಯಲ್ಲಿದ್ದ ತಮ್ಮ ಸಹಿಯ ಮೇಲೆ ಬೆರಳಿಟ್ಟು, "ನಿಮ್ಮಕ್ಕ ಮಗುಚಿದ್ದನ್ನ ನಾನು ಕಣ್ಣುಮುಚ್ಚಿ ಒಪ್ಪಿದ್ದೀನಿ. ನಿನ್ನನ್ನ ಕೆಲಸದಿಂದ ಕಳಿಸಬೇಕು ಅಂದ್ರೆ ಮೊದಲು ನಾನು ಹೊರಡಬೇಕು" ಅಂದರು. ಅಲ್ಲಿಯೇ ಮೂಲ ಹಾಳೆಯ ಮೇಲೆ, ಇದರಂತೆ ಕಟ್ಟತಕ್ಕದ್ದು ಅಂತ ಬರೆದು, ಸಹಿ ಹಾಕಿ, ಅವತ್ತಿನದೇ ತಾರೀಖು ಹಾಕಿದರು. ಹಿಂದಿನ ತಾರೀಖು ಹಾಕಲಿಲ್ಲ. ಜೊತೆಗೆ ಬಂದಿದ್ದ ಹಳಿಯವರ ಎಂಜಿನಿಯರ್ ಬೋರ್ಡಿನ ಮಾತು ಎತ್ತಿದಾಗ, "ತಪ್ಪು ನಮ್ಮ ಕೋಣೇದು, ವರದಿ ನಾನು ಬರೀತೀನಿ, ಇವನ ತಂಟೆಗೆ ಬರಬೇಡಿ" ಅಂದರು.

ಒಂದು ಕಡೆ ಸಿಕ್ಕಿಹಾಕಿಕೊಂಡೆ. ಎಲ್ಲ ತಿರುಗಿಸಿದ ನಾನು ಬಚ್ಚಲ ನೀರಿನ ಕಾಲುವೆಯನ್ನು ತಿರುಗಿಸಲು ಮರೆತಿದ್ದೆ. ಅದು ನೇರ ಪ್ಲಾಟ್‌ಫಾರಂ ಕಡೆಗೆ ಹರಿಯುತ್ತಿತ್ತು. ಅದಕ್ಕೆ ಮಾತ್ರ ಚೆನ್ನಾಗಿ ಬೈದರು. ಬೈಸಿಕೊಂಡು ಇಷ್ಟು ಹಗುರಾದದ್ದು ನನಗೆ ಇದೇ ಮೊದಲು.

ತಮ್ಮ


ಮೇ ೧೬

ತಮ್ಮಾ,

ನಿನ್ನ ಕಾಗದ ಓದಿ ಎರಡು ತಿಂಗಳ ನಿದ್ದೆಯನ್ನು ಒಂದೇ ಭಾನುವಾರ ಮುಗಿಸಿದೆ. ಮನೆಯೊಡತಿ ಬಾಗಿಲು ತಟ್ಟಿ ಬದುಕಿದ್ದೀಯಾ ಅಂತ ವಿಚಾರಿಸಿದಳು.

ದೊಡ್ಡ ಮೇಜಿನವರು ವಾಪಸು ಬಂದ ದಿನ ಎಲ್ಲರನ್ನೂ ನಿಲ್ಲಿಸಿ, ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ನನ್ನ ಹೆಸರು ಹೇಳಿದರು, ಅದಕ್ಕಿಂತ ಮೊದಲು ತಮ್ಮದು ಹೇಳಿದರು. ಇನ್ನು ಮೇಲೆ ಗೆರೆ ಎಳೆಯುವ ಮುಂಚೆಯೇ ಬಟ್ಟೆಯ ಮೂಲೆಯಲ್ಲಿ 'ಈ ಮುಖ ಮೇಲೆ' ಅಂತ ಬರೆಯಬೇಕು, ಯಾರ ನಕಲಾದರೂ ಮೂಲದ ಮೇಲೆ ಹಾಸಿ ನೋಡದೆ ಸಹಿಯಿಲ್ಲ. ಬಣ್ಣದವಳು ನನ್ನ ಹತ್ತಿರ ಬಂದು, "ನನ್ ಹೆಸ್ರು ಯಾಕಕ್ಕ ಹೇಳ್ಲಿಲ್ಲ?" ಅಂತ ಅತ್ತಳು. ನಾನೂ ಅತ್ತೆ. ನಮ್ಮಿಬ್ಬರ ಅಳುವಿಗೆ ಒಂದು ಹೊಸ ಬಟ್ಟೆ ಹಾಳಾಯಿತು.

ನನ್ನ ಕೆಲಸ ಹೋಗಲಿಲ್ಲ. ಬದಲಿಗೆ ಇನ್ನೊಂದು ಕೊಟ್ಟಿದ್ದಾರೆ. ನಿನ್ನಿಂದ ಮುಂದಿನ ಚಿಕ್ಕ ನಿಲ್ದಾಣದ ನಕ್ಷೆಯನ್ನು ನಕಲು ತೆಗೆಯುವುದಲ್ಲ, ನಾನೇ ಬರೆಯಬೇಕಂತೆ. "ತಪ್ಪನ್ನ ಎದುರು ನಿಂತು ಹೇಳಿದವಳು ಬರೀಲಿ" ಅಂದರು. ಕಟ್ಟುವವನು ನೀನೇ.

ತಮ್ಮಾ, ಒಂದು ಮಾತು ಕೊಡು. ನನಗೆ ನೋವಾಗುತ್ತದೆ ಅಂತ ಇನ್ನೊಮ್ಮೆ ಸುಳ್ಳು ಬರೆಯಬೇಡ. ನೀನು ಹೆದರಿದ್ದು ನನ್ನ ತಪ್ಪಿಗಲ್ಲ, ನನಗೆ. ನಿನ್ನನ್ನು ಹಾಗೆ ಹೆದರಿಸಿ ಇಟ್ಟಿದ್ದೆನಲ್ಲ, ಅದು ನನಗೆ ಗೋಡೆಗಿಂತ ಹೆಚ್ಚು ನಾಚಿಕೆಯ ವಿಷಯ. ನಕ್ಷೆ ಬಂದಾಗ ದಾರ ಕಟ್ಟುವ ಮುಂಚೆ ಹುಳುಕು ಹುಡುಕು, ಸಿಕ್ಕದ್ದನ್ನೆಲ್ಲ ಬರೆ.

ಅಕ್ಕ


ಜುಲೈ ೨

ಅಕ್ಕಾ,

ನಕ್ಷೆ ಬಂತು. ಮೂರು ಹುಳುಕು ಸಿಕ್ಕಿವೆ. ನಿನ್ನೆಯೇ ಬರೆಯಬೇಕಿತ್ತು, ಧೈರ್ಯ ಸಾಲದೆ ಇವತ್ತು ಬರೆಯುತ್ತಿದ್ದೇನೆ.

ಮಾಸ್ತರರ ಅಡಿಗೆಮನೆಯ ಹೊಗೆ ಗೂಡು ಟಿಕೆಟ್ ಕೊಳ್ಳುವವರ ತಲೆಯ ಮೇಲೆ ಬಾಯಿ ತೆರೆದಿದೆ. ಅವರ ಹೆಂಡತಿ ಒಗ್ಗರಣೆ ಹಾಕಿದರೆ ಸಾಲಿನಲ್ಲಿ ನಿಂತವರೆಲ್ಲ ಸೀನಬೇಕು. ಪ್ಲಾಟ್‌ಫಾರಮ್ಮಿನ ಕಂಬಗಳು ಹೆಂಗಸರ ಕೋಣೆಯ ಬಾಗಿಲಿಗೆ ನೇರ ಅಡ್ಡ ಬಂದಿವೆ, ಪೆಟ್ಟಿಗೆ ಹಿಡಿದವರು ಗುದ್ದಿಕೊಳ್ಳುತ್ತಾರೆ. ಮಳೆನೀರಿನ ದೋಣಿ ಸಣ್ಣದಾಯಿತು. ಇದು ಬಡಗಿ ಮುದುಕ ಕಂಡುಹಿಡಿದದ್ದು, ಅವನೇ ಬರೆಯಲು ಹೇಳಿದ.

ಉಳಿದದ್ದೆಲ್ಲ ಚೆನ್ನಾಗಿದೆ. ಇದು ಸುಳ್ಳಲ್ಲ. ಬೈಯುವುದಾದರೆ ಈಗಲೇ ಬೈದು ಮುಗಿಸು, ಈ ತಿಂಗಳ ಕೊನೆಗೆ ಅಗೆತ ಶುರುಮಾಡಬೇಕು.

ತಮ್ಮ


ಜುಲೈ ೭

ತಮ್ಮಾ,

ಮೂರನ್ನೂ ಒಪ್ಪಿದೆ. ಓದುವಾಗ ಮೊದಲ ಗಳಿಗೆ ಮೈ ಉರಿಯಿತು, ಸುಳ್ಳು ಹೇಳುವುದಿಲ್ಲ. ಎರಡನೆಯ ಸಲ ಓದುವಾಗ ಒಗ್ಗರಣೆಯ ಮಾತಿಗೆ ನಕ್ಕೆ. ಹೊಗೆ ಗೂಡು, ಕಂಬ, ದೋಣಿ ಮೂರನ್ನೂ ತಿದ್ದಿ ಇದರ ಜೊತೆ ಕಳಿಸಿದ್ದೇನೆ. ಮುದುಕನಿಗೆ ನನ್ನ ನಮಸ್ಕಾರ ತಿಳಿಸು.

ನಾಲ್ಕನೆಯದೊಂದು ಇತ್ತು, ಅದು ನಿಮ್ಮ ಯಾರ ಕಣ್ಣಿಗೂ ಬಿದ್ದಿಲ್ಲ. ದೊಡ್ಡ ಮೇಜಿನವರು ಮೂರು ಸಲ ನೋಡಿ ಸಹಿ ಹಾಕಿದ್ದಾರೆ, ಅವರಿಗೂ ಕಂಡಿಲ್ಲ. ಟಿಕೆಟ್ ಗುಮಾಸ್ತನ ಕೋಣೆಗೆ ಸುತ್ತ ನಾಲ್ಕು ಗೋಡೆ, ಮುಂದೆ ಟಿಕೆಟ್ ಕೊಡುವ ಕಂಡಿ, ಕಂಡಿಗೆ ಕಮಾನು, ಕಮಾನಿಗೆ ಅಂಚು, ಎಲ್ಲ ಮುತುವರ್ಜಿಯಿಂದ ಬರೆದಿದ್ದೇನೆ. ಬಾಗಿಲು ಇಟ್ಟಿಲ್ಲ. ಆ ಬಡಪಾಯಿ ದಿನಾ ಬೆಳಿಗ್ಗೆ ಕಂಡಿಯಲ್ಲೇ ನುಸುಳಬೇಕಿತ್ತು.

ಇವತ್ತು ಬೆಳಿಗ್ಗೆ ಕಂಡದ್ದು. ಕಂಡ ಕೂಡಲೇ ಎದ್ದು ಹೋಗಿ ಹೇಳಿದೆ. ಇಡೀ ಕೋಣೆ ನಕ್ಕಿತು, ಎಲ್ಲರಿಗಿಂತ ಮುಂಚೆ ನಾನು. ಬಾಗಿಲು ಹಾಲಿನ ಕಡೆಗೋ ಮಾಸ್ತರರ ಆಫೀಸಿನ ಕಡೆಗೋ ಅಂತ ಅವರು ಕೇಳಿದರು. ತಮ್ಮನನ್ನು ಕೇಳಿ ಹೇಳುತ್ತೇನೆ ಅಂದೆ. ಯಾವ ಕಡೆಗಿಡಲಿ?

ಅಕ್ಕ